ಹುಳದ ಮನೆಯ ಎರಡು ಮಗ್ಗುಲು

ಹೂವು ಬಲಗಡೆಗೆ ಬಿತ್ತು.

ಬೈರವನ ಗುಡಿಯಲ್ಲಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದವರೆಲ್ಲ ಒಂದೇ ಸಲ ಉಸಿರು ಬಿಟ್ಟರು. ಕೇಳಿದ ಮಾತು ಹೌದಾದರೆ ದೇವರ ಬಲಭುಜದ ಹೂವು ಜಾರಬೇಕು, ಅಲ್ಲವಾದರೆ ಎಡದ್ದು. ಕೂಟಗಲ್ ಕಡೆಯ ಆ ಸಣ್ಣ ಊರಿನಲ್ಲಿ ಇದು ಮುತ್ತಾತಂದಿರ ಕಾಲದಿಂದ ನಡೆದುಕೊಂಡು ಬಂದದ್ದು. ಕೇಳಿದವಳು ವೆಂಕಟಲಕ್ಷ್ಮಮ್ಮ. ಆ ಹುಳದ ಮನೆಯ ಹಿರಿಯಳು ಬೈರಮ್ಮನಿಗೆ ನಾದಿನಿಯಾಗಬೇಕು, ಬೈರಮ್ಮನ ತೀರಿಕೊಂಡ ಗಂಡ ಪುಟ್ಟಸ್ವಾಮಿಯ ತಂಗಿ, ಅದೇ ಊರಿಗೆ ಕೊಟ್ಟ ಹೆಣ್ಣು. ಅವಳು ಕೈಮುಗಿದು ಕೇಳಿದ್ದು ಒಂದೇ ಮಾತು: “ನಮ್ಮಣ್ಣನ ಹುಳದ ಮನೆ ಒಳೀಕೆ ಮುಟ್ಟಾದ ಹೆಂಗ್ಸು ಕಾಲಿಕ್ಕವ್ಳೋ ಇಲ್ವೋ, ತೋರ್ಸಪ್ಪ ತಂದೆ.”

ಹೂವು ಬಿದ್ದ ಮೇಲೆ ಎಲ್ಲರ ಕಣ್ಣೂ ಕಂಬದ ಪಕ್ಕ ನಿಂತಿದ್ದ ಪ್ರತಿಮಾಳ ಕಡೆಗೇ ತಿರುಗಿದವು. ಆ ಮನೆಯಲ್ಲಿ ಮುಟ್ಟಾಗುವ ಹೆಂಗಸು ಅವಳೊಬ್ಬಳೇ. ಬೈರಮ್ಮನ ಸೊಸೆ, ಸೋಲೂರಿನಿಂದ ತಂದವಳು, ಮದುವೆಯಾಗಿ ಮೂರನೆಯ ವರ್ಷ. ಅತ್ತೆಗೆ ಮಂಡಿ ಹಿಡಿದುಕೊಂಡು ಬಗ್ಗಲು ಆಗದೆ ಹೋದ ಮೇಲೆ ರೇಷ್ಮೆ ಹುಳ ಸಾಕುವ ಮನೆಯ ಕೆಲಸ ಅವಳ ಕೈಗೆ ಬಂದಿತ್ತು. ಅವಳ ಕೈಗೆ ಬಂದ ಮೇಲೆಯೇ ಸಾಲಾಗಿ ಎರಡು ಬೆಳೆ ಹೋಗಿದ್ದವು.

ಬೈರಮ್ಮನ ಮಗ ಕೆಂಪರಾಜು ಎದ್ದು ನಿಂತ. ಅವನ ಮುಖ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

“ಈ ಸಲದ ಹುಳ ಗೂಡು ಕಟ್ಟೋ ಹೊತ್ತಿಗೆ ಬರೋ ಸೋಮವಾರ ಇವ್ಳು ಇದೇ ಜಾಗ್ದಲ್ಲಿ ಕರ್ಪೂರ ಆರ್ಸಿ ಪ್ರಮಾಣ ಮಾಡ್ಲಿ. ನಾನು ಮುಟ್ಟಲ್ಲಿ ಹೋಗಿಲ್ಲ ಅನ್ಲಿ. ಅನ್ನಕ್ಕಾಗ್ನಿಲ್ವಾ, ಸೋಲೂರು ಬಸ್ಸು ಹತ್ಲಿ, ಅಷ್ಟೇಯ.”

ದೇವರ ಮುಂದೆ ಆಡಿದ ಮಾತು. ಅದನ್ನು ವಾಪಸ್ಸು ನುಂಗುವ ಹಾಗಿಲ್ಲ. ಬೈರಮ್ಮ ಗೋಡೆಗೆ ಒರಗಿ ಕೂತವಳು ಹೂವನ್ನೇ ನೋಡುತ್ತಿದ್ದಳು. ಮೊದಲಿಂದಲೂ ಅವಳು ಮಾತು ಕಮ್ಮಿಯ ಹೆಂಗಸು.

ಮನೆಗೆ ಬಂದ ಮೇಲೆ ಪ್ರತಿಮಾ ಕೊಟ್ಟಿಗೆಯ ಹಿಂದೆ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಳಲಿಲ್ಲ. ನೆಲ ನೋಡಿಕೊಂಡು ಹೇಳಿದಳು.

“ನಾನು ಹೋಗಿದ್ದು ನಿಜ ಅತ್ತೆ.”

“ಯಾವಾಗ್ಲವ್ವ?”

“ಹೋದ ಬೆಳೇಲಿ. ನಿಮ್ಗೆ ಮಂಡಿ ಸೂಜಿ ಕೊಡ್ಸಕ್ಕೆ ರಾಮನಗರದ ಆಸ್ಪತ್ರೇಲಿ ಮಡಿಕ್ಕೊಂಡಿದ್ರಲ್ಲ, ಆವತ್ತು. ಹುಳ ನಾಕನೇ ಜ್ವರ ಎದ್ದಿದ್ವು. ಇವ್ರು ಇಟ್ಟಿಗೆ ಸುಡೋ ತಾವ ಇದ್ರು, ಕೂಗಿದ್ರೂ ಬರ್ನಿಲ್ಲ. ಹಸ್ಕೊಂಡಿದ್ವು ಅತ್ತೆ. ತಲೆ ಎತ್ಕೊಂಡು ಆಡಿಸ್ತಿದ್ವು. ನಮ್ಮೂರಲ್ಲಿ ಮುಟ್ಟು ಅಂತ ಯಾರಾದ್ರೂ ಹಸಕ್ಕೆ ಹುಲ್ಲು ಹಾಕ್ದಲೆ ಇರ್ತಾರಾ? ಅದೇ ಗ್ಯಾನದಲ್ಲಿ ಹೋಗಿ ಸೊಪ್ಪು ಹಾಕ್ಬುಟ್ಟೆ. ನಾನೇ ಕೊಂದ್ನೇನೋ.”

ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ಆ ಕಡೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಿನ್ನುವುದಿಲ್ಲ, ಅಲುಗಾಡುವುದಿಲ್ಲ. ಎದ್ದ ಮೇಲೆ ಅದರ ಹಸಿವು ಹಸಿವಲ್ಲ, ಬೆಂಕಿ. ಆ ಹೊತ್ತಿನಲ್ಲಿ ಸೊಪ್ಪು ಕೊಡದಿದ್ದರೆ ಹುಳ ಉಳಿಯುವುದಿಲ್ಲ ಎಂದು ಬೈರಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಅತ್ತೆ, ಇಬ್ಬರು ವಾರಗಿತ್ತಿಯರು, ನಾದಿನಿ ಎಲ್ಲ ಇದ್ದರು. ಒಬ್ಬಳು ಆಚೆ ಕೂತರೆ ಒಬ್ಬಳು ಒಳಗೆ. ಆ ಕಟ್ಟಳೆ ಹೆಂಗಸರು ತುಂಬಿದ್ದ ಮನೆಗೆ ಹುಟ್ಟಿದ ಕಟ್ಟಳೆ. ಈಗ ಇರುವವಳು ಒಬ್ಬಳು.

ಹಾಗಂತ ಬೈರಮ್ಮ ಕಟ್ಟಳೆ ಮೀರಿದವಳೂ ಅಲ್ಲ. ಚಪ್ಪಲಿ ಹಾಕಿಕೊಂಡು ಹುಳದ ಮನೆ ಹೊಕ್ಕವರನ್ನು ಪೊರಕೆ ಹಿಡಿದು ಅಟ್ಟಿದವಳು. ಹುಳ ಇರುವಷ್ಟು ದಿನ ಒಗ್ಗರಣೆಯ ವಾಸನೆ ಕೂಡ ಅತ್ತ ಸುಳಿಯಗೊಡದವಳು. ಮುಟ್ಟಿನ ಮಾತು ಕೇಳಿ ಅವಳೂ ಗುಡಿಯ ಕಡೆಗೆ ತಿರುಗಿ ಒಮ್ಮೆ ಕೈಮುಗಿದಳು. ಆದರೆ ಅವಳಿಗೆ ಮೊದಲ ಬೆಳೆ ನೆನಪಿಗೆ ಬಂತು. ಆ ಬೆಳೆಯಲ್ಲಿ ಪ್ರತಿಮಾ ಮೂರು ದಿನವೂ ಆಚೆಯೇ ಕೂತಿದ್ದಳು. ಬೈರಮ್ಮನೇ ಕುಂಟಿಕೊಂಡು ಸೊಪ್ಪು ಹಾಕಿದ್ದಳು. ಆ ಬೆಳೆಯೂ ಹೋಯಿತಲ್ಲ?

ಇನ್ನೊಂದು ಮಾತೂ ಅವಳನ್ನು ಕೊರೆಯುತ್ತಿತ್ತು. ಹುಳಕ್ಕೆ ಬರುವ ಕಾಯಿಲೆಗಳನ್ನೆಲ್ಲ ಅವಳು ಕಂಡಿದ್ದಳು. ಹಾಲು ರೋಗವಾದರೆ ಮೈ ಊದಿಕೊಂಡು ಒಡೆದು ಹಾಲಿನಂಥದ್ದು ಸುರಿಯುತ್ತದೆ. ಸುಣ್ಣಕಟ್ಟಾದರೆ ಸತ್ತ ಹುಳ ಸೀಮೆಸುಣ್ಣದ ಕಡ್ಡಿಯಾಗುತ್ತದೆ. ಸಪ್ಪೆ ರೋಗವಾದರೆ ಕೊಳೆತು ನಾರುತ್ತದೆ. ಈ ಎರಡು ಬೆಳೆಗೂ ಬಂದದ್ದು ಅದ್ಯಾವುದೂ ಅಲ್ಲ. ಒಂದೇ ತಾಯಿಯ ಮೊಟ್ಟೆಯಿಂದ ಬಂದ ಹುಳ, ಒಂದು ಕಿರುಬೆರಳಷ್ಟು, ಇನ್ನೊಂದು ಅಕ್ಕಿಕಾಳಿಗಿಂತ ಒಸಿ ದೊಡ್ಡದು. ಸೊಪ್ಪು ಮುಂದಿದ್ದರೂ ಬಾಯಿ ಹಾಕುವುದಿಲ್ಲ. ಮೈಯ ಗಿಣ್ಣು ಗಿಣ್ಣಿಗೂ ಕಾಡಿಗೆಯಲ್ಲಿ ಬಳೆ ಬರೆದ ಹಾಗೆ ಕಪ್ಪು ಉಂಗುರ. ಮುಟ್ಟಿದರೆ ಚರ್ಮ ಹರಿಯುತ್ತದೆ. ಅವಳ ನಲವತ್ತು ವರ್ಷದ ನೆನಪಿನಲ್ಲಿ ಇಂಥದ್ದು ಇರಲಿಲ್ಲ.

ಆ ಸತ್ತ ಹುಳವನ್ನೂ ಒಂದು ಹಿಡಿ ಹಿಪ್ಪುನೇರಳೆ ಸೊಪ್ಪನ್ನೂ ರೇಷ್ಮೆ ಇಲಾಖೆಯ ಹುಡುಗಿ ಸಿರಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿದ್ದಳು. ಕನಕಪುರದ ಕಡೆಯವಳು, ಸ್ಕೂಟಿಯಲ್ಲಿ ಊರೂರು ತಿರುಗುವ ಹುಡುಗಿ. ಗುಡಿಯಲ್ಲಿ ಹೂವು ಬಿದ್ದ ಎರಡು ದಿನಕ್ಕೆ ಅವಳು ವಾಪಸ್ಸು ಬಂದಳು. ಚಪ್ಪಲಿಯನ್ನು ಅಂಗಳದಾಚೆಯೇ ಬಿಟ್ಟು ಬಂದದ್ದು ನೋಡಿ ಬೈರಮ್ಮ ಮಣೆ ಕೊಟ್ಟಳು.

“ಅಜ್ಜಿ, ಇದು ರೋಗ ಅಲ್ಲ. ವಿಷ,” ಎಂದಳು ಸಿರಿ.

“ಯಾರ್ ಹಾಕುದ್ರವ್ವ?”

“ಯಾರೂ ಹಾಕಿಲ್ಲ. ಮಣ್ಣಲ್ಲೇ ಇರುತ್ತೆ. ಫ್ಲೋರೈಡ್ ಅಂತ. ಕಣ್ಣಿಗೆ ಕಾಣಲ್ಲ, ವಾಸನೆನೂ ತಿಳಿಯಲ್ಲ. ಮಣ್ಣು ಮಣ್ಣಾಗಿರೋವರೆಗೂ ಸುಮ್ಮನಿರುತ್ತೆ. ಚೆನ್ನಾಗಿ ಕಾಯಿಸಿ ಸುಟ್ಟರೆ ಹೊಗೆ ಜೊತೆ ಎದ್ದು ಬರುತ್ತೆ. ಎಲೆ ಮೇಲೆ ಕೂರುತ್ತೆ, ಎಲೆ ಒಳಗೂ ಹೋಗುತ್ತೆ. ನಿಮ್ಮ ತೋಟದ ಎಲೆ ಅಂಚು ಕಂದಿರೋದು ನೋಡಿಲ್ವಾ?”

“ಬಿಸ್ಲಿಗೆ ಅಂದ್ಕಂಡೆ.”

“ಬಿಸಿಲಿಗಲ್ಲ. ಇಟ್ಟಿಗೆ ಸುಡ್ತಿರೋದು ತೋಟದ ಪಡುವಣಕ್ಕೆ. ಬೇಸಿಗೇಲಿ ಗಾಳಿ ಅಲ್ಲಿಂದ ತೋಟದ ಮೇಲೇ ಬೀಸೋದು.”

ಪ್ರತಿಮಾ ಬಾಗಿಲ ಚೌಕಟ್ಟಿಗೆ ಒರಗಿ ಕೇಳುತ್ತಿದ್ದಳು. “ಮತ್ತೆ ಅದೇ ತೋಟದ ಬದೀನಲ್ಲಿ ಬೆಳೆದ ಹುಲ್ಲು ನಮ್ಮ ಹಸ ಮೇಯ್ತು, ಏನೂ ಆಗ್ನಿಲ್ವಲ್ಲಕ್ಕ?”

“ಹಸ ಎಷ್ಟು ದೊಡ್ಡದು, ಹುಳ ಎಷ್ಟು ಚಿಕ್ಕದು? ಹುಳಕ್ಕೆ ಬೇರೆ ಊಟ ಇಲ್ಲ, ನೀರು ಇಲ್ಲ. ಹುಟ್ಟಿದಾಗಿಂದ ಅದೊಂದೇ ಎಲೆ. ಎಲೇಲಿರೋದೆಲ್ಲ ಅದರ ಮೈಗೇ.”

ಬೈರಮ್ಮ ಕಾಲು ನೀಡಿ ಮಂಡಿ ನೀವಿಕೊಂಡಳು. ಆಮೇಲೆ ಕೇಳಿದಳು. “ಇಟ್ಟಿಗೆ ಮಣ್ಣು ತೆಗ್ದಿದ್ದು ಕೆರೆ ಕೋಡಿ ಕೆಳಗ್ಲಿಂದ. ಅಲ್ಲೊಂದು ಬಾವಿ ಇತ್ತು ಕಣವ್ವ. ಈಗ ಮುಚ್ಚವ್ರೆ. ನಾನು ಬಂದ ಹೊಸ್ದರಲ್ಲಿ ಕೆಳಗಲ ಬೀದಿಯವ್ರು ಆ ನೀರೇ ಕುಡೀತಿದ್ದದ್ದು. ಅವ್ರ ಮಕ್ಳ ಹಲ್ಲೆಲ್ಲ ಕಂದು ಗೆರೆ. ನಮ್ಮ ದೊಡ್ಡ ಭಾವ ನಲವತ್ತಕ್ಕೇ ಗೂನಾಗಿ, ಎದುರು ಬಂದವ್ರ ಮೊಖ ನೋಡಕ್ಕೆ ಆಗ್ದೆ ನೆಲ ನೋಡ್ಕೊಂಡೇ ಸತ್ರು. ಅದೂ ಇದೇನಾ?”

ಸಿರಿ ತಲೆಯಾಡಿಸಿದಳು. “ಅದೇ ಅಜ್ಜಿ. ನೀರಲ್ಲಿ ಬಂದ್ರೆ ಮನುಷ್ಯರ ಮೂಳೆಗೆ, ಹೊಗೇಲಿ ಬಂದ್ರೆ ಹುಳಕ್ಕೆ. ಒಂಚೂರು ಇದ್ರೆ ಹಲ್ಲಿಗೆ ಒಳ್ಳೇದೇ. ಆ ಒಂಚೂರು ದಾಟಬಾರ್ದು.”

“ಸಾರಿನ ಉಪ್ಪಿನಂಗೆ.”

“ಹೂಂ ಅಜ್ಜಿ, ಉಪ್ಪಿನ ಹಾಗೇ.”

ಕೆಂಪರಾಜು ಬಂದಾಗ ಸಿರಿ ಇದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಈ ಬೇಸಿಗೆಯಲ್ಲಿ ಇಟ್ಟಿಗೆ ಸುಡಬೇಡಿ, ಇಲ್ಲವೇ ಆ ತೋಟದ ಸೊಪ್ಪು ಬಿಟ್ಟು ಬೇರೆ ಸೊಪ್ಪು ಹಾಕಿ, ಅದೂ ಆಗದಿದ್ದರೆ ಸುಣ್ಣದ ತಿಳಿನೀರಿನಲ್ಲಿ ತೊಳೆದಾದರೂ ಹಾಕಿ ಎಂದಳು. ಅವನು ಮರ್ಯಾದೆಯಿಂದ ಕೇಳಿಸಿಕೊಂಡ, ಕಾಫಿ ಕುಡಿಸಿ ಕಳಿಸಿದ. ಸ್ಕೂಟಿ ಮರೆಯಾದ ಮೇಲೆ ಉರಿದುಬಿದ್ದ.

“ನಾನು ಇಟ್ಟಿಗೆ ಸುಡ್ತಿರೋದು ಯಾತಕ್ಕವ್ವ? ಇದೇ ಹುಳಕ್ಕೆ ಹೊಸ ಮನೆ ಕಟ್ಟಕ್ಕೆ! ಗಾಳಿ ಆಡೋ ಹಂಗೆ, ಬೆಳಕು ಬರೋ ಹಂಗೆ. ಇರೋ ಮನೆ ಸೆಕೆಗೆ ಹುಳ ಬೆಂದೋಯ್ತವೆ ಅಂತ ಕೈಯಾರ ಮಣ್ಣು ತುಳಿದು ಅಚ್ಚು ಹಾಕಿವ್ನಿ. ಅದ್ರ ಹೊಗೇನೇ ಹುಳ ಕೊಲ್ತು ಅಂದ್ರೆ ಯಾರಾದ್ರೂ ನಗಾಕಿಲ್ವಾ? ಊರೆಲ್ಲ ಒಲೆ ಉರೀತದೆ, ಹೊಗೆ ಬತ್ತದೆ. ದೇವ್ರೇ ಬಲಗಡೆ ಹೂ ಕೊಟ್ಟವ್ನೆ. ದೇವ್ರಿಗಿಂತ ಆ ಹುಡ್ಗಿ ದೊಡ್ಡೋಳಾ?”

“ದೇವ್ರು ಸುಳ್ಳು ಹೇಳ್ನಿಲ್ಲ ಕಣ್ಲಾ,” ಅಂದಳು ಬೈರಮ್ಮ. “ನಿಮ್ಮತ್ತೆ ಕೇಳಿದ್ದಕ್ಕೆ ಅವನು ಹೇಳುದ. ಹುಳ ಯಾತರಿಂದ ಸತ್ವು ಅಂತ ಅವಳು ಕೇಳ್ನೇ ಇಲ್ವಲ್ಲ.”

ಕೆಂಪರಾಜು ಅವ್ವನ ಮುಖವನ್ನು ಒಂದು ಗಳಿಗೆ ನೋಡಿದ. ಅವಳ ಮಾತಿನಲ್ಲಿ ಸೊಸೆಯ ಗುಟ್ಟು ಅರ್ಧ ಆಚೆ ಬಂದಿತ್ತು. ಅವನು ಅದನ್ನು ಹಿಡಿಯಲಿಲ್ಲ, ಅಥವಾ ಹಿಡಿಯಲು ಮನಸ್ಸಾಗಲಿಲ್ಲ. ಅವನು ಕೆಟ್ಟವನಲ್ಲ. ಮಾಡಿದ ಕೆಲಸದ ಮೇಲೆ ಅಭಿಮಾನ ಇರುವವನು, ಅಷ್ಟೇ. ಅಂಥವರಿಗೆ ತಮ್ಮ ಕೈಯೇ ತಪ್ಪಿತು ಅಂದರೆ ತಡೆದುಕೊಳ್ಳಲು ಆಗುವುದಿಲ್ಲ.

ಮಾರನೆಯ ದಿನವೇ ಅವನು ಮೂರನೆಯ ಸುತ್ತಿನ ಇಟ್ಟಿಗೆಗೆ ಬೆಂಕಿ ಹಾಕಿದ.

ಎರಡನೆಯ ಜ್ವರ ಎದ್ದ ಮರಿಹುಳಗಳು, ಅವನ್ನು ಮೊಟ್ಟೆಯಿಂದ ಸಾಕಿ ರೈತರಿಗೆ ಕೊಡುವ ಚಾಕಿ ಕೇಂದ್ರದಿಂದ ಬಂದ ದಿನ ಬೈರಮ್ಮ ಬೇಗ ಎದ್ದು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಹುಳದ ಮನೆಗೆ ಹೋದಳು. ಮಧ್ಯದಲ್ಲಿ ಹಳೆಯ ಸೀರೆಯೊಂದನ್ನು ಕಟ್ಟಿ ಮನೆಯನ್ನು ಎರಡು ಮಗ್ಗುಲು ಮಾಡಿದಳು. ಹುಳಗಳನ್ನು ಎರಡು ಪಾಲು ಮಾಡಿ ತಟ್ಟೆಗಳಲ್ಲಿ ಹರಡಿಸಿದಳು.

“ಎಡಗಡೆಯವು ನನ್ವು. ಬಲಗಡೆಯವು ನಿನ್ವು,” ಎಂದಳು ಸೊಸೆಗೆ. “ನನ್ವಕ್ಕೆ ನಮ್ಮ ತೋಟದ ಸೊಪ್ಪು. ನಿನ್ವಕ್ಕೆ ಗುಡ್ಡದಾಚೆ ಗಂಗಯ್ಯನ ತೋಟದ್ದು. ಅವನ ತಾವ ಮಾತಾಡಿವ್ನಿ. ಅವನ ಸೊಪ್ಪಿಗೆ ಮಳೆಗಾಲದಲ್ಲಿ ನಮ್ಮ ಸೊಪ್ಪು. ನೀನು ದಿನಾ ಬೆಳಗ್ಗೆ ಸಂಜೆ ಮೊಪೆಡ್‌ನಲ್ಲಿ ಹೋಗಿ ತರ್ಬೇಕು.”

ಪ್ರತಿಮಾಗೆ ಅರ್ಥವಾಯಿತು. ಅರ್ಥವಾದ ಮೇಲೆ ಮುಖ ಕಪ್ಪಿಟ್ಟಿತು. “ಅತ್ತೆ, ಈ ಕಡೆಯವು ಸಾಯ್ತವೆ ಅಂತ ಗೊತ್ತಿದ್ದೂ...”

“ಹೂಂ.”

“ಹಂಗಾರೆ ಅದನ್ನ ನಂಗೆ ಕೊಡಿ. ನೀವು ಒಳ್ಳೆ ಸೊಪ್ಪು ಹಾಕಿ. ನಿಮ್ಮ ಕೈಲಿ ಯಾಕೆ?”

“ನಿನ್ ಕೈಲಿ ಸತ್ರೆ ನಿನ್ ತಲೇಗೇ ಕಟ್ತಾರೆ, ಪೆದ್ದಿ. ನಂಗೆ ಮುಟ್ಟು ನಿಂತು ಎಷ್ಟು ಕಾಲಾಯ್ತು. ನನ್ ಕೈಲಿ ಸತ್ರೆ ಯಾರ್ ಮೇಲೆ ಹೇಳ್ತಾರೆ?” ಬೈರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಇನ್ನೊಂದು. ಹುಳ ಹಣ್ಣಾಗಿ ಗೂಡು ಕಟ್ಟೋದ್ರೊಳ್ಗೆ ನಿಂಗೆ ದಿನ ಬತ್ತದೆ. ಬಂದ್ರೆ ಆಚೆ ಕೂರ್ಬ್ಯಾಡ. ಒಳೀಕೆ ಬಂದು ನಿನ್ ಹುಳ ನೋಡ್ಕೊ.”

“ಅತ್ತೆ!”

“ನಂಗೂ ಭಯ ಐತೆ ಕಣವ್ವ. ಭಯ ಇಲ್ಲ ಅಂತ ಅಂದ್ಕೊಬ್ಯಾಡ.”

ಕೆಂಪರಾಜುವಿಗೆ ಸೊಪ್ಪಿನ ಮಾತನ್ನಷ್ಟೇ ಹೇಳಿದರು. ಅವನು ನಕ್ಕ. “ನೋಡ್ರವ್ವ, ನೋಡಿ. ಗಂಗಯ್ಯನ ಸೊಪ್ಪಿಗಿಂತ ನನ್ ತೋಟದ ಸೊಪ್ಪಿಗೇ ಗೂಡು ಗಟ್ಟಿ ಬತ್ತದೆ. ಆಗ ಇಬ್ರೂ ಏನ್ ಹೇಳೀರಿ?”

“ಆಗ ನೀನು ಹೇಳ್ದಂಗೆ ಕೇಳ್ತೀವಿ,” ಎಂದಳು ಬೈರಮ್ಮ.

ಹೀಗೆ ಶುರುವಾಯಿತು. ಇಟ್ಟಿಗೆ ಭಟ್ಟಿ ಹಗಲೂ ಇರುಳೂ ಹೊಗೆಯಾಡಿತು. ತೋಟಕ್ಕೆ ಹೋಗಿ ಸೊಪ್ಪು ಕೊಯ್ಯುವಾಗ ಬೈರಮ್ಮ ಎಲೆಯನ್ನು ಮೂಸಿ ನೋಡುತ್ತಿದ್ದಳು, ನಾಲಗೆಗೆ ಮುಟ್ಟಿಸಿಯೂ ನೋಡಿದಳು. ಏನೂ ತಿಳಿಯುತ್ತಿರಲಿಲ್ಲ. ಎಂದಿನ ಹಸಿ ವಾಸನೆ, ಎಂದಿನ ಒಗರು. ಕೆಟ್ಟದ್ದು ಕೆಟ್ಟ ವಾಸನೆ ಹೊತ್ತು ಬಂದರೆ ನಾಯಿಯೂ ಮೂಸಿ ಬಿಡುತ್ತದೆ. ಇದು ಹಾಗೆ ಬರುವುದಲ್ಲ.

ಮೊದಮೊದಲು ಎರಡು ಮಗ್ಗುಲಿಗೂ ವ್ಯತ್ಯಾಸ ಕಾಣಲಿಲ್ಲ. ಬೈರಮ್ಮನಿಗೆ ಒಳಗೊಳಗೇ ಒಂದು ಆಸೆ ಹುಟ್ಟಿತು. ಆ ಹುಡುಗಿಯ ಮಾತು ಸುಳ್ಳಾಗಲಿ, ಇವೂ ಬದುಕಲಿ ಅಂತ. ಹಾಗೆ ಅನ್ನಿಸಿದ ಕೂಡಲೇ ಸೊಸೆಯ ಮುಖ ನೆನಪಾಗಿ ಆಸೆಯನ್ನು ಅಲ್ಲೇ ಹೊಸಕುತ್ತಿದ್ದಳು. ಇವು ಬದುಕಿದರೆ ಅವಳು ಹೋಗಬೇಕು. ಅವಳು ಉಳಿಯಬೇಕಾದರೆ ಇವು ಸಾಯಬೇಕು. ಇಂಥ ತಕ್ಕಡಿಯನ್ನು ಯಾರ ಕೈಗೂ ಕೊಡಬಾರದು.

ಮೂರನೆಯ ಜ್ವರದಲ್ಲಿ ತಿಳಿಯಿತು. ಬಲಮಗ್ಗುಲಿನ ಹುಳ ಒಟ್ಟಿಗೆ ಕೂತು ಒಟ್ಟಿಗೆ ಎದ್ದವು. ಎಡಮಗ್ಗುಲಿನವು ಕೆಲವು ಎದ್ದವು, ಕೆಲವು ಕೂತೇ ಇದ್ದವು, ಕೆಲವು ಪೊರೆಯನ್ನು ಅರ್ಧ ಬಿಟ್ಟು ಅಲ್ಲೇ ನಿಂತವು. ಬೈರಮ್ಮ ತಟ್ಟೆಯ ಮುಂದೆ ಕೂತು ಎಲೆಯನ್ನು ಸಣ್ಣಗೆ ಹೆಚ್ಚಿ ಬಾಯಿಗೆ ಹತ್ತಿರ ಇಟ್ಟಳು. “ತಿನ್ರಪ್ಪ, ಒಸಿ ತಿನ್ರಿ,” ಅಂದಳು. ಅಂದವಳು ತಕ್ಷಣ ಬಾಯಿ ಮುಚ್ಚಿಕೊಂಡಳು. ತಿನ್ನಿ ಅಂತ ಹೇಳುವುದಕ್ಕೂ ಅವಳಿಗೆ ನಾಲಗೆ ಇಲ್ಲವಾಗಿತ್ತು.

ಒಂದು ಸಂಜೆ ಪ್ರತಿಮಾ ಗಂಗಯ್ಯನ ಸೊಪ್ಪಿನ ಒಂದು ಹೊರೆಯನ್ನು ಸುಮ್ಮನೆ ತಂದು ಎಡಮಗ್ಗುಲಿಗೆ ಇಟ್ಟಳು.

“ಅತ್ತೆ, ಒಂದು ಹೊತ್ತು. ಯಾರಿಗೂ ತಿಳಿಯಲ್ಲ.”

ಬೈರಮ್ಮ ಆ ಸೊಪ್ಪನ್ನು ಮುಟ್ಟಿದಳು. ತಣ್ಣಗಿತ್ತು. ಬಹಳ ಹೊತ್ತು ಅದರ ಮೇಲೆ ಕೈ ಇಟ್ಟುಕೊಂಡೇ ಇದ್ದಳು. ಆಮೇಲೆ ಹೊರೆಯನ್ನು ಎತ್ತಿ ಸೀರೆಯ ಪರದೆಯಾಚೆಗೆ ಇಟ್ಟಳು. ಆ ರಾತ್ರಿ ಊಟ ಮಾಡಲಿಲ್ಲ. ಮಂಡಿನೋವು ಎಂದಳು.

ನಾಲ್ಕನೆಯ ಜ್ವರ ಎದ್ದು, ಹುಳ ದೊಡ್ಡ ತುತ್ತು ತಿನ್ನುವ ದಿನಗಳಲ್ಲಿ ಪ್ರತಿಮಾ ಮುಟ್ಟಾದಳು. ಅತ್ತೆಯ ಮಾತಿನಂತೆ ಹುಳದ ಮನೆಗೆ ಬಂದಳು, ಬರುವಾಗ ಹೊಸ್ತಿಲಲ್ಲಿ ನಿಂತು ಕೈಮುಗಿದಳು. ಆವತ್ತು ಏನೂ ಆಗಲಿಲ್ಲ. ಮಾರನೆಯ ದಿನ ವೆಂಕಟಲಕ್ಷ್ಮಮ್ಮ ಮಜ್ಜಿಗೆ ಕೇಳುವ ನೆಪದಲ್ಲಿ ಬಂದವಳು ಹಿತ್ತಿಲ ಬೇಲಿ ನೋಡಿದಳು, ಮೂಲೆಯ ಚಾಪೆ ನೋಡಿದಳು, ಆಮೇಲೆ ಹುಳದ ಮನೆಯ ಕಿಟಕಿಯಿಂದ ಇಣುಕಿದಳು.

“ಅತ್ಗೆ! ಏನತ್ಗೆ ಇದು? ಬೇಲಿ ಮೇಲೆ ಬಟ್ಟೆ ಬೇರೆ ಒಣಾಕವ್ಳೆ, ಚಾಪೆ ಬೇರೆ ಮಡಗವ್ಳೆ, ಹುಳಕ್ಕೆ ಸೊಪ್ಪು ಮಾತ್ರ ಅವ್ಳೇ ಹಾಕ್ತಾವ್ಳೆ! ನಿಮ್ಗೇನ್ ಕಣ್ಣು ಹೋಗ್ಬುಟ್ಟವಾ?”

“ಕಣ್ಣು ನೆಟ್ಟಗವೆ ಎಂಕ್ಟಲಕ್ಸ್ಮಿ. ಮಂಡಿ ಹೋಗಿರೋದು.”

“ತಮಾಸೆ ಮಾಡ್ಬ್ಯಾಡಿ. ಲೋ ಕೆಂಪ! ಲೋ ಕೆಂಪರಾಜು! ಬಾರ್ಲಾ ಇಲ್ಲಿ, ನಿನ್ ಹೆಂಡ್ರು ಕೆಲ್ಸ ನೋಡ್ಬಾ!”

ಅವಳ ಗಂಟಲಿಗೆ ಭಟ್ಟಿಯ ಹತ್ತಿರದಿಂದ ಕೆಂಪರಾಜು ಓಡಿಬಂದ. ಮೈತುಂಬ ಬೂದಿ. ಕೇಳಿದ್ದೇ ತಡ ಹೊಸ್ತಿಲ ಒಳಗೆ ಕಾಲಿಟ್ಟು, “ಆಚಿಕ್ ಬಾರೆ!” ಎಂದು ಹೆಂಡತಿಯ ಕಡೆ ನುಗ್ಗಿದ.

“ಚಪ್ಲಿ ಬುಡ್ಲಾ ಮೊದ್ಲು,” ಎಂದಳು ಬೈರಮ್ಮ.

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಹುಟ್ಟಿದಾಗಿನಿಂದ ಕೇಳಿದ ಮಾತು ಅದು. ಅವನ ಕಾಲು ತಾನಾಗಿ ಹಿಂದಕ್ಕೆ ಸರಿದು ಚಪ್ಪಲಿ ಬಿಟ್ಟಿತು. ಬೈರಮ್ಮ ಗೋಡೆ ಹಿಡಿದು ಎದ್ದು ನಡುವಿನ ಸೀರೆಯನ್ನು ಎಳೆದು ಕೆಡವಿದಳು.

“ಈಗ ನೋಡು. ಈ ಕಡೆ ನೋಡು, ಆ ಕಡೆ ನೋಡು.”

ಕೆಂಪರಾಜು ಹುಳ ಸಾಕುವ ಮನೆಯಲ್ಲೇ ಹುಟ್ಟಿದವನು. ಅವನಿಗೆ ತೋರಿಸಿಕೊಡಬೇಕಾಗಿರಲಿಲ್ಲ. ಬಲಗಡೆಯ ತಟ್ಟೆಗಳಲ್ಲಿ ಬೆಳ್ಳಗೆ ಬೆರಳುದ್ದ ಹುಳ, ಸೊಪ್ಪಿನ ಮೇಲೆ ಸೊಪ್ಪು ಕಾಣದ ಹಾಗೆ ಹರಡಿದ್ದವು, ಕರಕರ ತಿನ್ನುವ ಸದ್ದು. ಎಡಗಡೆ ಸದ್ದೇ ಇಲ್ಲ. ಬಾಡಿದ ಸೊಪ್ಪು ಹಾಕಿದ ಹಾಗೆಯೇ ಇತ್ತು. ಅದರ ಮೇಲೆ ಸಣ್ಣವು, ಸೊರಗಿದವು, ಗಿಣ್ಣು ಗಿಣ್ಣಿಗೆ ಕಪ್ಪು ಉಂಗುರ ತೊಟ್ಟವು, ತಲೆ ಕೆಳಗೆ ಹಾಕಿ ಬಾಯಲ್ಲಿ ಕಂದು ನೀರು ಬಿಟ್ಟು ಸತ್ತವು.

“ಇವು ಯಾರವು?” ಎಂದ, ಎಡಗಡೆಗೆ ಕೈ ತೋರಿ.

“ನನ್ವು. ನಲವತ್ತು ವರ್ಸ ಹುಳ ಸಾಕಿದ ಕೈಯವು. ಮೂರು ಹೊತ್ತೂ ಕೈ ತೊಳ್ದು, ದೇವ್ರ ನೆನೆದು ನಿನ್ ತೋಟದ ಸೊಪ್ಪು ಹಾಕಿವ್ನಿ.”

“ಅವು?”

“ಅವು ಅವ್ಳವು. ಗಂಗಯ್ಯನ ಸೊಪ್ಪಿನವು. ನಿನ್ನೆಯಿಂದ ಮುಟ್ಟಿನ ಕೈಲೇ ತಿಂತಾವೆ.”

ವೆಂಕಟಲಕ್ಷ್ಮಮ್ಮ ಕಿಟಕಿಯಿಂದಲೇ ಕೂಗಿದಳು. “ನಾಳೀಕೆ ನೋಡ್ಲಾ, ಅವೂ ಮಲಕ್ಕೊತ್ತವೆ!”

“ನಾಳೀಕೆ ನೀನೂ ಬಾರವ್ವ,” ಎಂದಳು ಬೈರಮ್ಮ. “ನಾಡಿದ್ದೂ ಬಾ. ಮಜ್ಜಿಗೆ ಕೊಡ್ತೀನಿ, ಕುಡ್ಕೊಂಡು ನೋಡ್ಕೊಂಡು ಹೋಗು.”

ಕೆಂಪರಾಜು ಎಡಗಡೆಯ ತಟ್ಟೆಯಿಂದ ಒಂದು ಹುಳವನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡ. ಅದರ ಚರ್ಮ ಹರಿಯಿತು. ಅವನ ಅಂಗೈಯ ಬೂದಿಯಲ್ಲಿ ಒಂದು ಹನಿ ಒದ್ದೆಯಾಯಿತು. ಅದನ್ನೇ ನೋಡುತ್ತ ಹೊರಗೆ ಹೋದ. ಭಟ್ಟಿಯ ಕಡೆಗೆ ಹೋಗಲಿಲ್ಲ. ಬೇವಿನ ಮರದ ಕೆಳಗೆ ಹೋಗಿ ಕೂತ.

ವೆಂಕಟಲಕ್ಷ್ಮಮ್ಮ ನಿಜವಾಗಿಯೂ ದಿನವೂ ಬಂದಳು. ಬಲಮಗ್ಗುಲಿನ ಹುಳ ಮಲಗಲಿಲ್ಲ. ತಿಂದು ತಿಂದು ಮೈ ಹೊಂಬಣ್ಣಕ್ಕೆ ತಿರುಗಿ ಹಣ್ಣಾದವು. ಮನೆಯವರೆಲ್ಲ ಸೇರಿ ಅವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟರು. ವೆಂಕಟಲಕ್ಷ್ಮಮ್ಮನೂ ಸೆರಗು ಸಿಕ್ಕಿಸಿಕೊಂಡು ಕೈಹಾಕಿದಳು. ಬಾಯಿ ಮಾತ್ರ ಸುಮ್ಮನಿರಲಿಲ್ಲ. “ಏನೋ ಒಂದ್ಸಲ ಬಂತು ಅಂತ ಹಿಗ್ಗಬ್ಯಾಡ್ರಿ,” ಅನ್ನುತ್ತಿದ್ದಳು. ಹುಳ ಆರಿಸುವ ಕೈ ಮಾತ್ರ ಹೂವು ಕೀಳುವಷ್ಟು ಮೆತ್ತಗಿತ್ತು.

ಎಡಮಗ್ಗುಲಿನಲ್ಲಿ ಗೂಡು ಕಟ್ಟುವ ಹುಳ ಉಳಿಯಲಿಲ್ಲ. ಸತ್ತವನ್ನು ತಿಪ್ಪೆಗೆ ಸುರಿಯಲು ಪ್ರತಿಮಾ ಮಂಕರಿ ತಂದಾಗ ಬೈರಮ್ಮ ಬೇಡವೆಂದಳು. ತಿಪ್ಪೆಗೆ ಹಾಕಿದರೆ ಕೋಳಿ ಕೆದಕಿ ತಿನ್ನುತ್ತವೆ, ಕೋಳಿಯ ಮೊಟ್ಟೆಯನ್ನು ಮಕ್ಕಳು ತಿನ್ನುತ್ತವೆ. ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು? ತೋಟದಿಂದ ದೂರ, ಬಂಡೆಯ ಮಗ್ಗುಲಲ್ಲಿ ಗುಂಡಿ ತೋಡಿಸಿದಳು. ತೋಡಿದವನು ಕೆಂಪರಾಜು. ಯಾರೂ ಹೇಳಿರಲಿಲ್ಲ, ತಾನೇ ಗುದ್ದಲಿ ತಂದಿದ್ದ. ಬೈರಮ್ಮ ಹುಳಗಳನ್ನು ಸುರಿದು, ಮೇಲೆ ಸುಣ್ಣ ಚೆಲ್ಲಿ, ಮಣ್ಣು ಎಳೆದಳು.

ಗುದ್ದಲಿ ಊರಿಕೊಂಡು ನಿಂತು ಕೆಂಪರಾಜು ಹೆಂಡತಿಗೆ ಹೇಳಿದ. “ಸೋಮವಾರ ಗುಡಿಗೆ ಹೋಗೋದು ಬ್ಯಾಡ ಬುಡು. ನಾನು ಪೂಜಾರಪ್ಪಂಗೆ ಹೇಳ್ತೀನಿ.”

“ಇಲ್ಲ, ಹೋಗ್ಬೇಕು,” ಎಂದಳು ಪ್ರತಿಮಾ.

“ನಂಗೆ ತಿಳೀತು ಅಂತಿವ್ನಲ್ಲ.”

“ನಿಮ್ಗೆ ತಿಳೀತು. ಊರ್ಗೆ? ನೀವು ಬಸ್ಸು ಹತ್ಲಿ ಅಂದಿದ್ದು ಊರ ಮುಂದೆ. ಇಲ್ಲಿ ಗುಂಡಿ ತಾವ ನಿಂತ್ಕೊಂಡು ಬ್ಯಾಡ ಬುಡು ಅಂದ್ರೆ ಆಗಾಕಿಲ್ಲ.”

ಅವನು ಅವ್ವನ ಕಡೆ ನೋಡಿದ. ಬೈರಮ್ಮ ಮಣ್ಣನ್ನು ಕೈಯಲ್ಲಿ ತಟ್ಟಿ ಸಮ ಮಾಡುತ್ತಿದ್ದಳು, ತಲೆ ಎತ್ತಲಿಲ್ಲ.

ಸೋಮವಾರ ಗುಡಿ ತುಂಬಿತ್ತು. ಕೆಲವರು ಪ್ರಮಾಣ ನೋಡಲು ಬಂದಿದ್ದರು, ಕೆಲವರು ಹುಳದ ಸುದ್ದಿ ಕೇಳಿ ಬಂದಿದ್ದರು. ಪೂಜಾರಪ್ಪ ತಾಮ್ರದ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಮುಂದೆ ಇಟ್ಟ. ಪ್ರತಿಮಾ ತಲೆಗೆ ಸ್ನಾನ ಮಾಡಿ ಬಂದಿದ್ದಳು. ಮುಂದೆ ಬಂದು ನಿಂತು, ದೇವರಿಗೂ ಊರಿಗೂ ಕೇಳುವ ಹಾಗೆ ಹೇಳಿದಳು.

“ನಾನು ಮುಟ್ಟಲ್ಲಿ ಹುಳದ ಮನೆ ಒಳೀಕೆ ಹೋಗಿದ್ದು ನಿಜ ಕಣಪ್ಪ ಬೈರವ. ಹೋದ ಬೆಳೇಲಿ ಒಂದಿನ ಹೋಗಿದ್ದೆ, ಹಸ್ಕೊಂಡಿದ್ವು ಅಂತ. ಈ ಬೆಳೇಲಿ ಮೂರು ದಿನಾನೂ ಹೋಗಿದ್ದೆ. ನನ್ನ ದೆಸೆಯಿಂದ ಒಂದು ಹುಳಾನೂ ಸತ್ತಿಲ್ಲ. ಇದು ಸುಳ್ಳಾದ್ರೆ ನೀನೇ ನೋಡ್ಕೊ.”

ಉರಿಯುವ ಕರ್ಪೂರದ ಮೇಲೆ ಅಂಗೈ ಇಟ್ಟಳು. ಆರಿತು.

ಇಂಥ ಪ್ರಮಾಣವನ್ನು ಆ ಊರು ಕೇಳಿರಲಿಲ್ಲ. ಹೋಗಿಲ್ಲ ಅಂತ ಆರಿಸುತ್ತಾರೆ, ಹೋಗಿದ್ದೆ ಅಂತ ಯಾರು ಆರಿಸುತ್ತಾರೆ? ಪೂಜಾರಪ್ಪ ಏನು ಮಾಡಬೇಕೆಂದು ತಿಳಿಯದೆ ತೀರ್ಥದ ಉದ್ಧರಣೆ ಹಿಡಿದು ನಿಂತುಬಿಟ್ಟ.

ಕೆಂಪರಾಜು ಮುಂದಕ್ಕೆ ಬಂದ. “ಇನ್ನೊಂದು ಬಿಲ್ಲೆ ಹಚ್ಚಿ ಸ್ವಾಮಿ.”

“ನಿಂಗ್ಯಾಕ್ಲಾ?” ಎಂದಳು ವೆಂಕಟಲಕ್ಷ್ಮಮ್ಮ.

“ಹಚ್ಚಿ ಅಂತಿವ್ನಲ್ಲ. ಹೊಗೆ ನಂದು.”

ಪ್ರತಿಮಾ ಅವನ ಮುಂಗೈ ಹಿಡಿದಳು. “ಕರ್ಪೂರ ಬ್ಯಾಡ. ಇನ್ನೊಂದು ಸುತ್ತಿಗಾಗೋವಷ್ಟು ಹಸಿ ಇಟ್ಟಿಗೆ ಬಿದ್ದವಲ್ಲ, ಅವನ್ನ ಏನ್ ಮಾಡ್ತೀರಿ, ಅದನ್ನ ಹೇಳಿ.”

ಎಲ್ಲರೂ ಅವನ ಬಾಯಿಯನ್ನೇ ನೋಡಿದರು. ಆ ಹಸಿ ಇಟ್ಟಿಗೆಯ ಒಂದೊಂದಕ್ಕೂ ಅವನು ಮಣ್ಣು ತುಳಿದಿದ್ದ.

“ಸುಡಾಕಿಲ್ಲ,” ಎಂದ ಕೆಂಪರಾಜು. “ಮಳೆ ಬಂದ್ರೆ ಕರಗ್ಲಿ. ಹಸಿ ಗೋಡೆಗೆ ಆದಷ್ಟು ಆಗ್ಲಿ.”

ಜನ ಕರಗಿದರು. ಬೈರಮ್ಮ ಗೋಡೆಗೆ ಒರಗಿ ಕೂತಲ್ಲೇ ಇದ್ದಳು. ಸೊಸೆ ಬಂದು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. ಎದ್ದು ನಿಂತ ಮೇಲೂ ಮುದುಕಿ ಒಂದು ಗಳಿಗೆ ದೇವರ ಕಡೆಗೇ ತಿರುಗಿ ನಿಂತಿದ್ದಳು. ಎಡಮಗ್ಗುಲಿನ ಹುಳಗಳ ಮಾತನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ. ಗೊತ್ತಿದ್ದೇ ಹಾಕಿದೆಯಾ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದಳು. ಬೈರವನೂ ಕೇಳಲಿಲ್ಲ.

ಅವಳು ಎರಡೂ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡು ಮೆಟ್ಟಿಲ ಕಡೆಗೆ ಕಾಲು ಹಾಕಿದಳು.